ಪಾಪ, ಗಿಲ್ಟ್, ಕ್ಷಮೆ: ಬೈಬಲ್ಲಿನ 51ನೇ ಕೀರ್ತನೆ ಹಿಡ್ಕೊಂಡು ದೇವರ ಹತ್ರ ಶುದ್ಧಿ ಕೇಳೋದು ಹೇಗೆ, ಒಂದು ಸಮಗ್ರ ಮಾರ್ಗದರ್ಶಿ

ಪ್ರತಿ ಭಾನುವಾರ ಆರಾಧನೆಯಲ್ಲಿ ಪಾಪದ ಅರಿಕೆ ಮಾಡ್ತೀವಿ, ಎಲ್ಲರ ಜೊತೆ ಒಂದೇ ರಾಗದಲ್ಲಿ ಓದ್ತೀವಿ, ಅಯ್ಯನವರು (ಪಾಸ್ಟರ್) ಕ್ಷಮೆಯ ಮಾತು ಹೇಳ್ತಾರೆ, ನಾವು ಆಮೆನ್ ಅಂತೀವಿ. ಆದ್ರೂ ತುಂಬಾ ಜನಕ್ಕೆ ಮನೆಗೆ ಬಂದ್ಮೇಲೆ ಅದೇ ಒಂದು ವಿಷಯ, ಎಷ್ಟೋ ವರ್ಷದ ಹಿಂದಿಂದೋ ಹೋದ ವಾರದ್ದೋ, ರಾತ್ರಿ ಲೈಟ್ ಆಫ್ ಮಾಡಿದ ತಕ್ಷಣ ಎದೆ ಮೇಲೆ ಬಂದು ಕೂತ್ಕೊಳ್ಳತ್ತೆ. "ದೇವರು ಕ್ಷಮಿಸ್ತಾನೆ ಅಂತ ಗೊತ್ತು, ಆದ್ರೆ ನಾನು ಕ್ಲೀನ್ ಆಗಿದೀನಿ ಅಂತ ಅನ್ಸೋದೇ ಇಲ್ಲ" ಅನ್ನೋ ಮಾತು ಪ್ರಾರ್ಥನೆ ಕೂಟಗಳಲ್ಲಿ ಎಷ್ಟು ಸಲ ಕೇಳಿದೀನೋ. ಈ ಗೈಡ್ ಆ ಮಾತು ಹೇಳೋರಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ನಮ್ಮಲ್ಲಿ ತುಂಬಾ ಜನ ಆ ಪಾಪಾನ ಹೆಸರಿಟ್ಟು ದೇವರ ಮುಂದೆ ಇಟ್ಟೇ ಇರಲ್ಲ. "ಕರ್ತನೇ ನಾನು ಮಹಾಪಾಪಿ, ನನ್ನನ್ನ ಕ್ಷಮಿಸು" ಅಂತ ವರ್ಷಗಟ್ಟಲೆ ಹೇಳಿರ್ತೀವಿ, ಆದ್ರೆ "ತಂದೆ ಸತ್ತಾಗ ತಂಗಿಗೆ ಸೇರಬೇಕಿದ್ದ ಜಾಗವನ್ನ ನಾನು ಸೈನ್ ಹಾಕಿಸ್ಕೊಂಡು ನನ್ನ ಹೆಸರಿಗೆ ಮಾಡ್ಕೊಂಡೆ" ಅಂತ ಒಂದು ಸಲಾನೂ ಬಾಯಿಬಿಟ್ಟು ಹೇಳಿರಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ರೆ ಎಲ್ಲಿ ಅಂತ ಬೆರಳಿಟ್ಟು ತೋರಿಸ್ತೀವಿ, ಮೈಯೆಲ್ಲಾ ನೋವು ಅಂದ್ರೆ ತೆಗೆಯೋರಿಗೂ ಗೊತ್ತಾಗಲ್ಲ. ಮುಂದೆ ಬರೋ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಸುತ್ತಾನೇ ಇರೋದು.

ಶುರು ಮಾಡೋಕೆ ಮುಂಚೆ ಓದ್ಬೇಕಾದ್ದು

ಎರಡನೇ ಸಮುವೇಲ 11 ಮತ್ತು 12ನೇ ಅಧ್ಯಾಯ, ಆಮೇಲೆ 51ನೇ ಕೀರ್ತನೆ, ಮೂರನ್ನೂ ಒಂದೇ ಸಲ ಕೂತು ಓದಿ. ಕೀರ್ತನೆ ಒಂದನ್ನೇ ಓದಿದ್ರೆ ಅದು ಚಂದದ ಪ್ರಾರ್ಥನೆ ಅನ್ಸತ್ತೆ ಅಷ್ಟೆ, ಹಿಂದಿನ ಕಥೆ ಓದಿದ್ರೆ ಅದು ಯಾರ ಬಾಯಿಂದ ಬಂತು ಅಂತ ಗೊತ್ತಾಗಿ ಮೈ ಜುಂ ಅನ್ನತ್ತೆ. ಕೀರ್ತನೆ ರಾಜ ದಾವೀದನದ್ದು. ಅವನು ಮಾಳಿಗೆ ಮೇಲಿಂದ ಬತ್ಷೆಬೆಯನ್ನ ನೋಡ್ತಾನೆ, ಕರೆಸ್ಕೊಳ್ತಾನೆ, ಅವಳು ಗರ್ಭಿಣಿ ಅಂತ ಗೊತ್ತಾದ್ಮೇಲೆ ಅವಳ ಗಂಡ ಊರೀಯನನ್ನ ಯುದ್ಧದಿಂದ ಕರೆಸಿ ಮನೆಗೆ ಕಳಿಸಿ ವಿಷಯ ಮುಚ್ಚಿಹಾಕೋಕೆ ನೋಡ್ತಾನೆ, ಅದು ಆಗದೇ ಇದ್ದಾಗ ಊರೀಯನ ಸಾವಿನ ಪತ್ರವನ್ನ ಊರೀಯನ ಕೈಲೇ ಸೇನಾಪತಿ ಯೋವಾಬನಿಗೆ ಕಳಿಸ್ತಾನೆ. ನಾತಾನ ಪ್ರವಾದಿ ಬರೋ ಹೊತ್ತಿಗೆ ಮಗು ಹುಟ್ಟಾಗಿತ್ತು. ಅಂದ್ರೆ ತಿಂಗಳುಗಟ್ಟಲೆ ದಾವೀದ ಏನೂ ಆಗಿಲ್ಲ ಅನ್ನೋ ಹಾಗೆ ರಾಜ್ಯಭಾರ ಮಾಡ್ಕೊಂಡು, ಬೇರೆಯವರ ವ್ಯಾಜ್ಯ ತೀರಿಸ್ಕೊಂಡು ಇದ್ದ. ಬಡವನ ಒಂದೇ ಒಂದು ಕುರಿಮರೀನ ಸಾಹುಕಾರ ಕಿತ್ಕೊಂಡ ಕಥೆ ನಾತಾನ ಹೇಳಿದಾಗ ದಾವೀದನಿಗೆ ಎಂಥಾ ಕೋಪ ಬಂತು ನೋಡಿ, ನಾಲ್ಕರಷ್ಟು ವಾಪಸ್ ಕೊಡ್ಬೇಕು ಅಂತ ತೀರ್ಪು ಕೊಟ್ಬಿಡ್ತಾನೆ. ಪಾಪ ಮುಚ್ಚಿಟ್ಕೊಂಡಿರೋರಿಗೆ ಬೇರೆಯವರ ಪಾಪದ ಮೇಲೆ ಜಾಸ್ತಿ ಕೋಪ ಬರತ್ತೆ. ನಿಮ್ಮಲ್ಲೂ ಅಂಥಾ ಕೋಪ ಯಾವ ವಿಷಯಕ್ಕೆ ಬರತ್ತೆ ಅಂತ ಗಮನಿಸಿ, ಎಷ್ಟೋ ಸಲ ಅಲ್ಲೇ ಉತ್ತರ ಇರತ್ತೆ.

ಜೊತೆಗೆ 32ನೇ ಕೀರ್ತನೆ. ಬಾಯಿ ಮುಚ್ಕೊಂಡಿದ್ದಾಗ ಎಲುಬುಗಳೇ ಸವೆದುಹೋದವು, ಹಗಲೂ ರಾತ್ರಿ ದೇವರ ಕೈ ಭಾರವಾಗಿತ್ತು ಅಂತ ಅಲ್ಲಿದೆ. ಸಭೆಯಲ್ಲಿ ಹಿಂದಿನಿಂದಲೂ ಪಶ್ಚಾತ್ತಾಪದ ಕೀರ್ತನೆಗಳು ಅಂತ ಏಳನ್ನ ಗುರುತು ಮಾಡಿದಾರೆ: 6, 32, 38, 51, 102, 130, 143. ತಪಸ್ಸುಕಾಲದಲ್ಲಿ, ಅಂದ್ರೆ ಈಸ್ಟರ್ ಮುಂಚಿನ ವಾರಗಳಲ್ಲಿ, ದಿನಕ್ಕೊಂದು ಓದೋರು ಇದಾರೆ, ಒಳ್ಳೆ ಅಭ್ಯಾಸ.

ಹೆಜ್ಜೆ 1: ಇದು ನಿಜವಾಗ್ಲೂ ನನ್ನ ಪಾಪಾನಾ ಅಂತ ಮೊದಲು ನೋಡಿ

ಇದನ್ನ ಸ್ಕಿಪ್ ಮಾಡ್ಬೇಡಿ. ಮಾಡದೇ ಇರೋ ತಪ್ಪಿಗೆ ವರ್ಷಾನುಗಟ್ಟಲೆ ಕ್ಷಮೆ ಕೇಳ್ತಾ ಇರೋ ಜನ ಸಭೆಗಳಲ್ಲಿ ತುಂಬಾ ಇದಾರೆ.

ಚಿಕ್ಕ ವಯಸ್ಸಲ್ಲಿ ಯಾರೋ ನಿಮ್ಮ ಮೈ ಮುಟ್ಟಿದ್ರೆ, ಅದು ನಿಮ್ಮ ಪಾಪ ಅಲ್ಲ. ಗಂಡ ಹೊಡೀತಾನೆ, ಅದಕ್ಕೆ ನನ್ನಲ್ಲೇ ಏನೋ ಕೊರತೆ ಇರ್ಬೇಕು ಅನ್ನೋದೂ ಪಾಪ ಅಲ್ಲ. ಮಕ್ಕಳಾಗಿಲ್ಲ, ಮಗುವಿಗೆ ಕಾಯಿಲೆ ಬಂತು, ಅಪ್ಪನ್ನ ಆಸ್ಪತ್ರೆಗೆ ಸೇರಿಸೋಕೆ ಲೇಟ್ ಆಯ್ತು, ಇವೆಲ್ಲ ದುಃಖ, ಇವಕ್ಕೆ ಬೇಕಾಗಿರೋದು ಸಾಂತ್ವನ. ಹುಟ್ಟು ಕುರುಡನನ್ನ ನೋಡಿ ಶಿಷ್ಯರು ಪಾಪ ಮಾಡಿದ್ದು ಇವನಾ ಇವನ ತಂದೆತಾಯಿನಾ ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದ, ಯೋಹಾನ 9ನೇ ಅಧ್ಯಾಯದಲ್ಲಿದೆ. ಆದ್ರೂ ನಮ್ಮಲ್ಲಿ ಮನೆಗೆ ಪ್ರಾರ್ಥನೆಗೆ ಅಂತ ಬಂದವರೇ "ನಿಮ್ಮ ಮನೇಲಿ ಏನೋ ಗುಪ್ತ ಪಾಪ ಇದೆ" ಅಂತ ಹೇಳಿ ಹೋಗ್ತಾರೆ, ಅದರಷ್ಟು ನೋವು ಕೊಡೋ ಮಾತು ಇನ್ನೊಂದಿಲ್ಲ.

ವ್ಯತ್ಯಾಸ ಗೊತ್ತಾಗೋದು ಹೇಗೆ ಅಂದ್ರೆ, ಪವಿತ್ರಾತ್ಮನು ಮನಸ್ಸಿಗೆ ತೋರಿಸೋ ಪಾಪಕ್ಕೆ ಸಾಮಾನ್ಯವಾಗಿ ಒಂದು ವಿಳಾಸ ಇರತ್ತೆ: ಇಂಥಾ ದಿನ, ಇಂಥವರಿಗೆ, ಇಂಥಾದ್ದು ಮಾಡಿದೆ ಅಥವಾ ಮಾಡ್ದೇ ಬಿಟ್ಟೆ. "ನೀನು ಯಾವುದಕ್ಕೂ ಲಾಯಕ್ಕಿಲ್ಲ, ನಿನ್ನಂಥವರಿಗೆ ಕ್ಷಮೆ ಇಲ್ಲ" ಅನ್ನೋ ಧ್ವನಿಗೆ ವಿಳಾಸಾನೇ ಇರಲ್ಲ, ಅದು ಬರೀ ಹೊಡೆಯತ್ತೆ. ಪೌಲ ಎರಡನೇ ಕೊರಿಂಥ 7:10ರಲ್ಲಿ ಎರಡು ತರದ ದುಃಖ ಅಂತಾನೆ, ದೇವರಿಗೆ ಮೆಚ್ಚಾಗೋ ದುಃಖ ಮನಸ್ಸನ್ನ ತಿರುಗಿಸಿ ರಕ್ಷಣೆಗೆ ಕರ್ಕೊಂಡು ಹೋಗತ್ತೆ, ಲೋಕದ ದುಃಖ ಮರಣಕ್ಕೆ.

ಹೆಜ್ಜೆ 2: ಸಮಯ, ಜಾಗ, ಒಂದು ಹಾಳೆ

ಜಾಸ್ತಿ ಏನಿಲ್ಲ. ಫೋನ್ ಬೇರೆ ರೂಮಲ್ಲಿಡಿ. ಮನೇಲಿ ಜಾಗ ಇಲ್ಲ ಅಂದ್ರೆ ವಾರದ ಮಧ್ಯೆ ಚರ್ಚಿಗೆ ಹೋಗಿ ಕೂರಿ, ಬಾಗಿಲು ತೆಗೆದಿರೋ ಚರ್ಚುಗಳು ಇನ್ನೂ ಇವೆ. ಉಪವಾಸ ಮಾಡೋ ಅಭ್ಯಾಸ ಇದ್ರೆ ಮಾಡಿ, ಶುಗರ್ ಇರೋರು ಗರ್ಭಿಣಿಯರು ಮಾಡ್ಬೇಡಿ, ಹೊಟ್ಟೆ ಖಾಲಿ ಇದ್ರೇನೇ ದೇವರು ಕೇಳಿಸ್ಕೊಳ್ಳೋದು ಅಂತ ಎಲ್ಲೂ ಬರೆದಿಲ್ಲ. ಒಂದು ಹಾಳೆ, ಪೆನ್ನು ಇಟ್ಕೊಳ್ಳಿ, ಅದನ್ನ ಆಮೇಲೆ ಹರಿದು ಸುಟ್ಟು ಹಾಕ್ತೀರ, ಯಾರ ಕೈಗೂ ಸಿಗಬಾರದು.

ಹೆಜ್ಜೆ 3: ಹೆಸರಿಟ್ಟು ಹೇಳಿ

ದಾವೀದ ನಾತಾನನ ಮುಂದೆ ಹೇಳಿದ್ದು ಒಂದೇ ವಾಕ್ಯ, ನಾನು ಯೆಹೋವನಿಗೆ ವಿರುದ್ಧವಾಗಿ ಪಾಪ ಮಾಡಿದೀನಿ ಅಂತ. ಸಂದರ್ಭ ಹಾಗಿತ್ತು, ಅವಳೂ ಸ್ನಾನಕ್ಕೆ ಮರೆಯಲ್ಲಿ ಹೋಗ್ಬೇಕಿತ್ತು, ರಾಜನಿಗೆ ಒತ್ತಡ ಇರತ್ತೆ, ಇಂಥಾ ಮಾತು ಒಂದೂ ಇಲ್ಲ. ಕೀರ್ತನೆಯ 14ನೇ ವಚನದಲ್ಲಂತೂ ರಕ್ತಾಪರಾಧ ಅನ್ನೋ ಪದಾನೇ ಬರತ್ತೆ. ಯುದ್ಧದಲ್ಲಿ ಸತ್ತ, ಯುದ್ಧ ಅಂದ್ಮೇಲೆ ಜನ ಸಾಯ್ತಾರೆ ಅಂತ ಯೋವಾಬನಿಗೆ ಹೇಳಿ ಕಳಿಸಿದ್ದ ಅದೇ ಮನುಷ್ಯ ದೇವರ ಮುಂದೆ ಅದನ್ನ ರಕ್ತ ಅಂತಾನೇ ಕರೀತಾನೆ.

ನೀವೂ ಹಾಗೇ ಬರೀರಿ. "ನಾಲಿಗೆಯಿಂದ ಪಾಪ ಮಾಡಿದೆ" ಅಂತ ಬೇಡ, "ಓರಗಿತ್ತಿ ಬಗ್ಗೆ ಇಂಥಾ ಸುಳ್ಳನ್ನ ಇಂಥವರ ಹತ್ರ ಹೇಳ್ದೆ, ಅದರಿಂದ ಅವಳ ಮಗಳ ಸಂಬಂಧ ತಪ್ಪೋಯ್ತು" ಅಂತ ಬರೀರಿ. "ಹಣದ ವಿಷಯದಲ್ಲಿ ಸ್ವಲ್ಪ" ಅಂತ ಬೇಡ, ಎಷ್ಟು, ಯಾರದ್ದು. "ಆದ್ರೆ", "ಯಾಕಂದ್ರೆ", "ಅವರೂ ಕೂಡ" ಅನ್ನೋ ಪದ ಬಂದ ತಕ್ಷಣ ಪೆನ್ನು ನಿಲ್ಲಿಸಿ, ಆ ವಾಕ್ಯವನ್ನ ಅಲ್ಲಿಗೇ ಮುಗಿಸಿ. ಅವರ ತಪ್ಪು ನಿಜಾನೇ ಇರಬಹುದು, ಅದಕ್ಕೆ ಬೇರೆ ದಿನ ಇದೆ.

ಮಾಡಿದ್ದು ಮಾತ್ರ ಅಲ್ಲ, ಮಾಡ್ದೇ ಬಿಟ್ಟಿದ್ದೂ. ಲೂಕ 10ರ ಸಮಾರ್ಯದವನ ಕಥೇಲಿ ಯಾಜಕನೂ ಲೇವಿಯನೂ ಆ ಗಾಯಗೊಂಡವನಿಗೆ ಒಂದೇಟೂ ಹೊಡೀಲಿಲ್ಲ, ಆ ಕಡೆಯಿಂದ ಹಾದುಹೋದ್ರು ಅಷ್ಟೇ. ನಮ್ಮ ಸಭೆಗಳಲ್ಲಿ ಜಾತಿ ನೋಡಿ ಮದುವೆ ಮಾಡೋದು, ಜಾತಿ ನೋಡಿ ಕಮಿಟಿಗೆ ಓಟ್ ಹಾಕೋದು, ಮನೆ ಕೆಲಸದವರಿಗೆ ಬೇರೆ ಲೋಟ ಇಡೋದು, ಇದನ್ನ ಹಾಳೆ ಮೇಲೆ ಬರೆಯೋರು ಕಡಿಮೆ. ಬರೀಬೇಕು. ದಶಾಜ್ಞೆಗಳನ್ನ ಒಂದೊಂದಾಗಿ ಎದುರಿಗಿಟ್ಕೊಂಡು ನೋಡೋದು ಹಳೇ ವಿಧಾನ, ಈಗಲೂ ಒಳ್ಳೇ ವಿಧಾನ, ಜೊತೆಗೆ ಮತ್ತಾಯ 5ರಿಂದ 7 ಓದಿದ್ರೆ ಕೊಲೆ ಮಾಡಿಲ್ಲ ಅಂತ ಬೇಗ ದಾಟೋಕೆ ಆಗಲ್ಲ.

ಎಲ್ಲಾ ನೆನಪಾಗಲೇಬೇಕು ಅಂತ ತಲೆ ಕೆರ್ಕೋಬೇಡಿ. ನೆನಪಾಗಿದ್ದನ್ನ ಪ್ರಾಮಾಣಿಕವಾಗಿ ಬರೀರಿ, 19ನೇ ಕೀರ್ತನೆ 12ನೇ ವಚನದಲ್ಲಿ ಗೊತ್ತಿಲ್ಲದ ಪಾಪಗಳಿಗೂ ಒಂದು ಪ್ರಾರ್ಥನೆ ಇದೆ, ಉಳಿದಿದ್ದನ್ನ ಅದರೊಳಗೆ ಬಿಟ್ಬಿಡಿ.

ಹೆಜ್ಜೆ 4: ಯಾವ ಆಧಾರದ ಮೇಲೆ ಕೇಳ್ತಾ ಇದೀವಿ ಅಂತ ತಿಳ್ಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಗಿಲ್ಟ್ ವಾಪಸ್ ಬಂದಾಗ ನಿಲ್ಲೋಕೆ ಬೇಕಾಗೋದು ಇದೇ ನೆಲ.

ಮೋಶೆಯ ಧರ್ಮಶಾಸ್ತ್ರದಲ್ಲಿ ಬೇಕುಬೇಕಂತ ಮಾಡಿದ ಕೊಲೆಗೆ ಕೊಡೋ ಬಲಿ ಇರ್ಲಿಲ್ಲ. ಅರಣ್ಯಕಾಂಡ 35:31 ಕೊಲೆಗಾರನ ಪ್ರಾಣಕ್ಕೆ ಈಡು ತಗೋಬಾರದು ಅನ್ನತ್ತೆ. ಅದಕ್ಕೇ ದಾವೀದ 16ನೇ ವಚನದಲ್ಲಿ ಬಲಿ ನಿನಗೆ ಇಷ್ಟ ಆಗಿದ್ರೆ ಕೊಡ್ತಿದ್ದೆ ಅಂತಾನೆ. ಅವನ ಹತ್ರ ಹೋರಿ ಕುರಿಗಳಿಗೆ ಬರ ಇರ್ಲಿಲ್ಲ, ಆದ್ರೆ ಕೊಡೋಕೆ ಜಾಗಾನೇ ಇರ್ಲಿಲ್ಲ. ಉಳಿದಿದ್ದು ಒಂದೇ, ದೇವರ ಕರುಣೆ. ಕೀರ್ತನೆಯ ಮೊದಲನೇ ಸಾಲೇ ಆ ಕರುಣೆಯನ್ನ ಹಿಡ್ಕೊಂಡು ಶುರುವಾಗತ್ತೆ, ನಾನು ಮುಂಚೆ ಗೊಲ್ಯಾತನನ್ನ ಸೋಲಿಸಿದೆ, ದೇವರ ಮಂಜೂಷವನ್ನ ತರಿಸಿದೆ, ಕೀರ್ತನೆ ಬರೆದೆ ಅಂತ ಯಾವ ಲೆಕ್ಕಾನೂ ತೋರಿಸಲ್ಲ.

7ನೇ ವಚನದಲ್ಲಿ ಹಿಸ್ಸೋಪ್ ಗಿಡದಿಂದ ನನ್ನನ್ನ ಶುದ್ಧಿ ಮಾಡು ಅಂತಾನೆ. ಆ ಗಿಡದ ಕಟ್ಟಿನಿಂದಲೇ ಐಗುಪ್ತದಲ್ಲಿ ಪಸ್ಕದ ಕುರಿಯ ರಕ್ತವನ್ನ ಬಾಗಿಲ ಚೌಕಟ್ಟಿಗೆ ಹಚ್ಚಿದ್ದು, ಕುಷ್ಠರೋಗ ವಾಸಿಯಾದವನನ್ನ ಯಾಜಕ ಶುದ್ಧನು ಅಂತ ಹೇಳುವಾಗ ಬಳಸ್ತಿದ್ದದ್ದೂ ಅದೇ. ಯೋಹಾನ 19:29ರಲ್ಲಿ ಶಿಲುಬೆ ಮೇಲಿದ್ದ ಯೇಸುವಿನ ಬಾಯಿಗೆ ಹುಳಿರಸ ತುಂಬಿದ ಸ್ಪಂಜನ್ನ ಚಾಚಿದ್ದೂ ಹಿಸ್ಸೋಪ್ ಕೋಲಿಂದ. ದಾವೀದ ಯಾವ ಶುದ್ಧಿಗೆ ಕೈಚಾಚಿದ್ನೋ ಅದರ ಬೆಲೆ ಅಲ್ಲಿ ಕಟ್ಟಲಾಯ್ತು ಅಂತ ನಾವು ನಂಬ್ತೀವಿ.

ಯಾಜಕಕಾಂಡ 16ನೇ ಅಧ್ಯಾಯವನ್ನೂ ನೋಡಿ, ವರ್ಷಕ್ಕೊಂದು ದಿನ ಎರಡು ಹೋತಗಳು, ಒಂದರ ರಕ್ತ ಮಹಾಪರಿಶುದ್ಧ ಸ್ಥಳಕ್ಕೆ, ಇನ್ನೊಂದರ ತಲೆ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಅರಿಕೆ ಮಾಡಿ ಅದನ್ನ ಅಡವಿಗೆ ಕಳಿಸ್ಬಿಡೋದು. ಕ್ಷಮೆ ಮಾತ್ರ ಸಾಲದು, ಪಾಪ ಕಣ್ಮುಂದಿಂದ ಹೋಗ್ಬೇಕು ಅಂತ ಜನಕ್ಕೆ ಅನ್ಸತ್ತೆ ಅನ್ನೋದು ದೇವರಿಗೆ ಗೊತ್ತಿತ್ತು. ಇಬ್ರಿಯರಿಗೆ ಬರೆದ ಪತ್ರಿಕೆ 10ನೇ ಅಧ್ಯಾಯ ಹೇಳೋದು, ಯಾಜಕರು ದಿನಾಲೂ ನಿಂತ್ಕೊಂಡು ಅದೇ ಬಲಿಗಳನ್ನ ಕೊಡ್ತಾ ಇದ್ರು, ಕ್ರಿಸ್ತನಾದ್ರೆ ಒಂದೇ ಬಲಿ ಕೊಟ್ಟು ಕೂತ್ಕೊಂಡ. ಕೆಲಸ ಮುಗಿದವರು ಕೂರ್ತಾರೆ.

ಹಾಗಾಗಿ ಯಾರಾದ್ರೂ ಇಷ್ಟು ಕಾಣಿಕೆ ಕೊಟ್ರೆ ನಿಮ್ಮ ಕುಟುಂಬದ ಪಾಪ ಬಂಧನ ಬಿಡಿಸ್ತೀನಿ, ಇಂಥಾ ಎಣ್ಣೆ ತಗೊಳ್ಳಿ ಅಂದ್ರೆ ಎದ್ದು ಬನ್ನಿ. 1517ರಲ್ಲಿ ಮಾರ್ಟಿನ್ ಲೂಥರ್ ತೊಂಬತ್ತೈದು ವಾದಗಳನ್ನ ಹೊರಗಿಟ್ಟಿದ್ದು ದುಡ್ಡಿಗೆ ಕ್ಷಮಾಪತ್ರ ಮಾರೋ ಇಂಥಾದ್ದೇ ವ್ಯಾಪಾರದ ವಿರುದ್ಧ, ಅದರ ಮೊದಲನೇ ವಾದಾನೇ ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪ ಆಗಿರ್ಬೇಕು ಅನ್ನೋದು.

ಹೆಜ್ಜೆ 5: ಬಾಯಿಬಿಟ್ಟು ಪ್ರಾರ್ಥಿಸಿ

ಹಾಳೆ ಮುಂದಿಟ್ಕೊಂಡು ಒಂದೊಂದನ್ನೇ ನಿಮ್ಮ ಕಿವಿಗೆ ಕೇಳೋ ಅಷ್ಟಾದ್ರೂ ಜೋರಾಗಿ ಓದಿ. ಗ್ರಂಥಿಕ ಭಾಷೆ ಬೇಕಾಗಿಲ್ಲ, ಮನೇಲಿ ಮಾತಾಡೋ ಭಾಷೇಲೇ ಹೇಳಿ. ಪದ ಸಿಗದೇ ಇದ್ರೆ ಹೀಗೆ ಶುರು ಮಾಡಬಹುದು:

"ತಂದೆಯೇ, ನಾನು ಇದನ್ನ ಮಾಡಿದೀನಿ. ನಾನೇ ಮಾಡಿದ್ದು, ಬೇರೆ ಯಾರೂ ಮಾಡಿಸಿಲ್ಲ. ನಿನಗೆ ಇದು ಮೊದಲೇ ಗೊತ್ತಿತ್ತು, ಇವತ್ತು ನಾನೂ ಒಪ್ಕೊಳ್ತಾ ಇದೀನಿ. ಇದನ್ನ ಸರಿ ಮಾಡೋ ಶಕ್ತಿ ನನ್ನ ಹತ್ರ ಇಲ್ಲ. ನಿನ್ನ ಮಗ ಯೇಸು ನನಗೋಸ್ಕರ ಸತ್ತ ಅನ್ನೋ ಒಂದೇ ಕಾರಣಕ್ಕೆ ಕೇಳ್ತಾ ಇದೀನಿ, ನನ್ನನ್ನ ತೊಳಿ. ನನ್ನಲ್ಲಿ ಹೊಸ ಮನಸ್ಸನ್ನ ಹುಟ್ಟಿಸು. ನಿನ್ನ ಜೊತೆ ಮುಂಚೆ ಇದ್ದ ಸಂತೋಷಾನ ವಾಪಸ್ ಕೊಡು."

ಲೂಕ 18ರ ಸುಂಕದವನ ಪ್ರಾರ್ಥನೆ ಇದಕ್ಕಿಂತ ಚಿಕ್ಕದು, ದೇವರೇ ಪಾಪಿಯಾದ ನನ್ನನ್ನ ಕರುಣಿಸು ಅಂದ, ನೀತಿವಂತನಾಗಿ ಮನೆಗೆ ಹೋದ. ಅಳು ಬಂದ್ರೆ ಅಳಿ, ಬರದಿದ್ರೆ ಬಲವಂತ ಮಾಡ್ಬೇಡಿ, ಕಣ್ಣೀರು ಕ್ಷಮೆಯ ಬೆಲೆ ಅಲ್ಲ. ಮುಗಿದ್ಮೇಲೆ ಒಂದನೇ ಯೋಹಾನ 1:9 ಓದಿ. ಅಲ್ಲಿ ದೇವರು ನಂಬಿಗಸ್ತ ಮಾತ್ರ ಅಲ್ಲ, ನೀತಿವಂತ ಆಗಿರೋದ್ರಿಂದ ಕ್ಷಮಿಸ್ತಾನೆ ಅಂತಿದೆ. ಕರುಣೆಯಿಂದ ಕಣ್ಣು ಮುಚ್ಕೊಂಡು ಬಿಟ್ಟ ಅಂತಲ್ಲ, ಬೆಲೆ ಕಟ್ಟಿ ಆಗಿರೋ ಸಾಲಾನ ಮತ್ತೆ ಕೇಳೋದು ಅನ್ಯಾಯ, ಅನ್ಯಾಯ ಅವನು ಮಾಡಲ್ಲ. ಆಮೇಲೆ ಹಾಳೆ ಸುಟ್ಬಿಡಿ.

ಹೆಜ್ಜೆ 6: ಇನ್ನೊಬ್ಬ ಮನುಷ್ಯನ ಮುಂದೆ ಹೇಳೋದು

ಇಲ್ಲಿ ಸಭೆಯಿಂದ ಸಭೆಗೆ ಪದ್ಧತಿ ಬೇರೆ.

ಕಥೋಲಿಕರಿಗೆ ಇದು ಸಂಸ್ಕಾರ. ಮೊದಲು ಆತ್ಮಪರಿಶೋಧನೆ, ಆಮೇಲೆ ಪಾಪನಿವೇದನೆ ಪೀಠದ ಹತ್ರ ಹೋಗಿ ಹಿಂದಿನ ಸಲ ಯಾವಾಗ ಮಾಡಿದ್ದು ಅಂತ ಹೇಳಿ ಪಾಪಗಳನ್ನ ಹೇಳೋದು, ಮಾರಕ ಪಾಪ, ಅಂದ್ರೆ ಗೊತ್ತಿದ್ದೂ ಬೇಕಂತಲೇ ಮಾಡಿದ ಗಂಭೀರ ಪಾಪ ಆಗಿದ್ರೆ ಯಾವ ತರದ್ದು ಎಷ್ಟು ಸಲ ಅಂತಾನೂ ಹೇಳ್ಬೇಕು. ಗುರುಗಳು ಪ್ರಾಯಶ್ಚಿತ್ತ ಕೊಡ್ತಾರೆ, ಪಶ್ಚಾತ್ತಾಪದ ಜಪ ಹೇಳ್ತೀರ, ಅವರು ಕ್ಷಮಾಪಣೆಯ ಮಾತು ಹೇಳ್ತಾರೆ. ವರ್ಷಕ್ಕೊಂದು ಸಲವಾದ್ರೂ ಮಾಡ್ಬೇಕು ಅನ್ನೋ ನಿಯಮ 1215ರ ನಾಲ್ಕನೇ ಲ್ಯಾಟರನ್ ಸಭೆಯಿಂದ ಬಂದಿದ್ದು. ನೀವು ಹೇಳಿದ್ದನ್ನ ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳೋಹಾಗಿಲ್ಲ, ನೇರವಾಗಿ ಬಯಲು ಮಾಡಿದ್ರೆ ಆ ಕ್ಷಣಕ್ಕೇ ಅವರು ಬಹಿಷ್ಕಾರಕ್ಕೆ ಒಳಗಾಗ್ತಾರೆ. ಮುಖ ಕಾಣಬಾರದು ಅನ್ಸಿದ್ರೆ ಜಾಲರಿ ಇರೋ ಕಡೆ ಹೋಗೋ ಹಕ್ಕು ನಿಮಗಿದೆ. ಎಷ್ಟೋ ವರ್ಷ ಆಗಿದೆ, ಏನು ಹೇಳ್ಬೇಕು ಮರೆತೋಗಿದೆ ಅಂತಿದ್ರೆ ಅದನ್ನೇ ಹೇಳಿ: "ಸ್ವಾಮಿ, ತುಂಬಾ ವರ್ಷ ಆಯ್ತು, ಹೇಗೆ ಮಾಡೋದು ಗೊತ್ತಿಲ್ಲ, ಸಹಾಯ ಮಾಡಿ." ಅವರು ಕೈ ಹಿಡ್ಕೊಂಡು ನಡೆಸ್ತಾರೆ. ಪಾಸ್ಕ (ಈಸ್ಟರ್) ಹಬ್ಬದ ಮುಂಚಿನ ವಾರ ಕ್ಯೂ ಉದ್ದ ಇರತ್ತೆ, ದೊಡ್ಡ ವಿಷಯ ಮನಸ್ಸಲ್ಲಿದ್ರೆ ಬೇರೆ ದಿನ ಟೈಮ್ ಕೇಳ್ಕೊಂಡು ಹೋಗಿ.

ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್, ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಸಭೆಗಳಲ್ಲಿ ಹಾಗೆ ಕಡ್ಡಾಯ ಇಲ್ಲ, ದೇವರಿಗೇ ನೇರವಾಗಿ ಅರಿಕೆ ಮಾಡ್ತೀವಿ. ಆದ್ರೆ ಅದನ್ನೇ ನೆಪ ಮಾಡ್ಕೊಂಡು ಯಾರಿಗೂ ಏನೂ ಹೇಳ್ದೇ ಒಳಗೇ ಕೊಳೀತಾ ಇರೋದು ನಮ್ಮ ಕಡೆ ಜಾಸ್ತಿ, ಯಾಕೋಬ 5:16 ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡ್ಕೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದ್ರೂ. ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1738ರಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ ಈ ವಚನಾನೇ ಆಧಾರ ಮಾಡ್ಕೊಂಡ, ವಾರಕ್ಕೊಮ್ಮೆ ಸೇರಿ ಹೋದ ಸಲದಿಂದ ಇಲ್ಲಿವರೆಗೆ ಯಾವ ಪಾಪ ಮಾಡಿದೀಯ ಅಂತ ಒಬ್ಬರನ್ನೊಬ್ಬರು ನೇರವಾಗಿ ಕೇಳ್ತಿದ್ರು. ನಮ್ಮ ಸೆಲ್ ಗ್ರೂಪುಗಳಲ್ಲಿ ಇವತ್ತು ಕೆಲಸ, ವೀಸಾ, ಮಂಡಿನೋವಿಗೆ ಪ್ರಾರ್ಥನೆ ಕೇಳ್ತೀವಿ, ಇದನ್ನ ಕೇಳಲ್ಲ.

ಯಾರಿಗೆ ಹೇಳ್ಬೇಕು ಅನ್ನೋದು ತುಂಬಾ ಮುಖ್ಯ. ಯೂದ ಇಸ್ಕರಿಯೋತನೂ ಅರಿಕೆ ಮಾಡಿದ್ದ, ಮತ್ತಾಯ 27 ತೆಗೆದು ನೋಡಿ, ನಿರಪರಾಧಿಯನ್ನ ಹಿಡ್ಕೊಟ್ಟು ಪಾಪ ಮಾಡ್ದೆ ಅಂತ ಬಾಯಿಬಿಟ್ಟು ಹೇಳಿದ, ಮೂವತ್ತು ಬೆಳ್ಳಿ ನಾಣ್ಯಾನೂ ವಾಪಸ್ ಕೊಟ್ಟ. ಆದ್ರೆ ಹೇಳಿದ್ದು ಮಹಾಯಾಜಕರ ಮುಂದೆ, ಅವರು ಅದು ನಮಗೇನು, ನೀನೇ ನೋಡ್ಕೋ ಅಂದ್ಬಿಟ್ರು. ಅವನು ಒಬ್ಬನೇ ಹೊರಗೆ ಹೋದ. ಪೇತ್ರ ಮೂರು ಸಲ ಯೇಸು ಗೊತ್ತೇ ಇಲ್ಲ ಅಂದವನು, ಬಿಕ್ಕಿಬಿಕ್ಕಿ ಅತ್ತವನು, ಆದ್ರೆ ಉಳಿದ ಶಿಷ್ಯರನ್ನ ಬಿಟ್ಟು ಹೋಗಲಿಲ್ಲ, ಅದಕ್ಕೇ ಭಾನುವಾರ ಬೆಳಿಗ್ಗೆ ಸಮಾಧಿ ಖಾಲಿ ಅಂದಾಗ ಓಡೋಕೆ ಅವನು ಅಲ್ಲಿದ್ದ. ಗಿಲ್ಟ್ ಜಾಸ್ತಿ ಆದಾಗ ಒಂಟಿಯಾಗಿ ಇರ್ಬೇಡಿ ಅನ್ನೋದನ್ನ ಈ ಎರಡು ಕಥೆಗಳಷ್ಟು ಜೋರಾಗಿ ಹೇಳೋದು ಬೇರೆ ಇಲ್ಲ.

ಬಾಯಿ ಬಿಗಿ ಇರೋರು, ತಾವೂ ದೇವರ ಕ್ಷಮೆ ಉಂಡಿರೋರು, ನಿಮ್ಮ ಮನೆಯ ಜಗಳದಲ್ಲಿ ಪಾರ್ಟಿ ಅಲ್ಲದೋರು, ಅಂಥವರೊಬ್ಬರು ಸಾಕು. ಹೆಂಗಸರು ಹೆಂಗಸರ ಹತ್ರ, ಗಂಡಸರು ಗಂಡಸರ ಹತ್ರ ಹೇಳೋದು ಒಳ್ಳೇದು. ಇಡೀ ಸಭೆ ಮುಂದೆ ಮೈಕ್ ಹಿಡ್ಕೊಂಡು ಹೇಳಿ ಅಂತ ಯಾರಾದ್ರೂ ಒತ್ತಾಯ ಮಾಡಿದ್ರೆ ಬೇಡ ಅನ್ನಿ. ವಾಟ್ಸಾಪ್‌ನಲ್ಲಿ ಬರೆದು ಕಳಿಸಲೇಬೇಡಿ, ಸ್ಕ್ರೀನ್‌ಶಾಟ್ ಒಂದು ಸಲ ಹೊರಟ್ರೆ ನಿಲ್ಲಲ್ಲ.

ಹೆಜ್ಜೆ 7: ಸರಿಪಡಿಸೋದು

ಕ್ಷಮೆ ಸಿಗೋಕೆ ಇದು ಶರತ್ತಲ್ಲ, ಸಿಕ್ಕಿದ್ರೆ ಇದು ತಾನಾಗೇ ಹುಟ್ಟತ್ತೆ. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯನ ಮನೆಗೆ ಯೇಸು ಮೊದಲು ಬಂದ, ಆಮೇಲೆ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಅಂದ. ಧರ್ಮಶಾಸ್ತ್ರದ ಸಾಮಾನ್ಯ ಲೆಕ್ಕ ಇನ್ನೂ ಕಡಿಮೆ ಇತ್ತು, ಅರಣ್ಯಕಾಂಡ 5:7ರ ಪ್ರಕಾರ ಅರಿಕೆ ಮಾಡಿ, ಪೂರ್ತಿ ವಾಪಸ್ ಕೊಟ್ಟು, ಐದನೇ ಒಂದು ಪಾಲು ಜಾಸ್ತಿ ಸೇರಿಸ್ಬೇಕು. ನೊಂದವರೂ ಅವರ ಹತ್ತಿರದವರೂ ಯಾರೂ ಉಳಿದಿಲ್ಲ ಅಂದ್ರೆ ಅದು ಯೆಹೋವನದ್ದಾಗಿ ಯಾಜಕನಿಗೆ ಸೇರ್ಬೇಕು ಅಂತ ಮುಂದಿನ ವಚನ. ಹಾಗಾಗಿ "ಅವರು ಸತ್ತೋದ್ರು, ಈಗೇನು ಮಾಡ್ಲಿ" ಅನ್ನೋರಿಗೂ ದಾರಿ ಇದೆ, ಮಕ್ಕಳಿಗೆ ಕೊಡಿ, ಮಕ್ಕಳೂ ಇಲ್ಲ ಅಂದ್ರೆ ಬಡವರಿಗೆ ಹೋಗೋ ಹಾಗೆ ಕೊಡಿ, ಹೆಸರು ಹಾಕಿಸ್ಕೋಬೇಡಿ.

ಮತ್ತಾಯ 5:23-24ರಲ್ಲಿ ಕಾಣಿಕೆಯನ್ನ ಯಜ್ಞವೇದಿ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡ್ಕೋ ಅಂತ ಯೇಸು ಹೇಳಿದ್ದು ಗಲಿಲಾಯದ ಜನಕ್ಕೆ, ವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಕೆಲವು ದಿನದ ನಡಿಗೆ. ಅಷ್ಟು ದೂರ ವಾಪಸ್ ಹೋಗು ಅಂದ ಹಾಗೆ. ಕ್ಷಮೆ ಕೇಳುವಾಗ "ನಿಮಗೆ ಬೇಜಾರಾಗಿದ್ರೆ ಸಾರಿ" ಅನ್ಬೇಡಿ, ಮಾಡಿದ್ದನ್ನ ಹೇಳಿ, ತಪ್ಪು ಅನ್ನಿ, ಸರಿಪಡಿಸೋಕೆ ಏನು ಮಾಡ್ಲಿ ಅಂತ ಕೇಳಿ ಸುಮ್ಮನಿರಿ. ಅವರು ಕ್ಷಮಿಸ್ಲೇಬೇಕು ಅಂತ ವಚನ ತೋರಿಸಿ ಒತ್ತಡ ಹಾಕೋದು ಇನ್ನೊಂದು ಪಾಪ.

ಎಚ್ಚರಿಕೆ ಬೇಕಾದ ಕಡೆಗಳೂ ಇವೆ. ನಿಮ್ಮ ಮನಸ್ಸಿಗೆ ಹಗುರ ಆಗ್ಲಿ ಅಂತ, ಏನೂ ಗೊತ್ತಿಲ್ಲದವರ ತಲೆ ಮೇಲೆ ಭಾರ ಹಾಕೋದು ಪ್ರೀತಿ ಅಲ್ಲ, "ನಿನ್ನ ಬಗ್ಗೆ ಹತ್ತು ವರ್ಷ ಹೊಟ್ಟೆಕಿಚ್ಚು ಪಟ್ಟಿದ್ದೆ" ಅಂತ ಹೇಳೋ ಅಗತ್ಯ ಇಲ್ಲ. ದಾಂಪತ್ಯದಲ್ಲಿ ದ್ರೋಹ ಮಾಡಿದ್ದಾದ್ರೆ ಹೇಳೋಕೆ ಮುಂಚೆ ಅನುಭವ ಇರೋ ಕೌನ್ಸಿಲರ್ ಅಥವಾ ಸಭಾಪಾಲಕರ ಜೊತೆ ಮಾತಾಡಿ, ಹೇಗೆ ಯಾವಾಗ ಅನ್ನೋದು ಮುಖ್ಯ. ಮತ್ತೆ ಅಪರಾಧ ಆಗಿದ್ರೆ, ಅದರಲ್ಲೂ ಮಗುವಿನ ಮೇಲೆ ದೌರ್ಜನ್ಯ ಆಗಿದ್ರೆ, ಪ್ರಾರ್ಥನೆ ಮಾಡಿ ಒಳಗೊಳಗೇ ಮುಗಿಸೋದು ಸರಿಯಲ್ಲ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾನೂನಿನ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಿದ್ದೋರು ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098. ದೇವರು ಕ್ಷಮಿಸಿದಾನೆ ಅನ್ನೋದು ಕೋರ್ಟಿಂದ ತಪ್ಪಿಸ್ಕೊಳ್ಳೋ ಚೀಟಿ ಅಲ್ಲ.

ಹೆಜ್ಜೆ 8: ಎಲ್ಲಾ ಮಾಡಿದ್ರೂ ಫೀಲಿಂಗ್ ಬರಲಿಲ್ಲ ಅಂದ್ರೆ

ನಾತಾನ ಯೆಹೋವನು ನಿನ್ನ ಪಾಪ ತೆಗೆದುಹಾಕಿದಾನೆ, ನೀನು ಸಾಯೋದಿಲ್ಲ ಅಂದಿದ್ದು ದಾವೀದ ಒಪ್ಕೊಂಡ ಅದೇ ಉಸಿರಲ್ಲಿ. ಆದ್ರೂ ಮಗು ಏಳನೇ ದಿನ ಸತ್ತೋಯ್ತು, ಅವನ ಮನೆಯಿಂದ ಕತ್ತಿ, ಅಂದ್ರೆ ಹೊಡೆದಾಟ ಸಾವು, ಬಿಟ್ಟು ಹೋಗ್ಲಿಲ್ಲ. ಈ ಭಾಗ ಓದೋಕೆ ಕಷ್ಟ, ನನಗೂ ಕಷ್ಟ. ಇಲ್ಲಿಂದ ನಾವು ತಿಳ್ಕೋಬೇಕಾಗಿರೋದು, ಪರಿಣಾಮಗಳು ಮುಂದುವರಿಯೋದನ್ನ ನೋಡಿ ಕ್ಷಮೆ ಸಿಕ್ಕಿಲ್ಲ ಅಂತ ತೀರ್ಮಾನ ಮಾಡ್ಬಾರದು. ಮಗ ಇನ್ನೂ ಮಾತಾಡ್ತಿಲ್ಲ, ಕೆಲಸ ಹೋಯ್ತು, ಊರಲ್ಲಿ ಹೆಸರು ಕೆಟ್ಟಿದೆ, ಇವು ಇರತ್ತೆ, ಕ್ಷಮೆಯೂ ಇರತ್ತೆ. ಮಗು ಸತ್ತ ಸುದ್ದಿ ಕೇಳಿದ್ಮೇಲೆ ದಾವೀದ ನೆಲದಿಂದ ಎದ್ದ, ಸ್ನಾನ ಮಾಡಿದ, ಎಣ್ಣೆ ಹಚ್ಕೊಂಡ, ಬಟ್ಟೆ ಬದಲಾಯಿಸಿದ, ಯೆಹೋವನ ಆಲಯಕ್ಕೆ ಹೋಗಿ ಆರಾಧಿಸಿದ, ಮನೆಗೆ ಬಂದು ಊಟ ಮಾಡಿದ. ಅವನಿಗೆ ಆಗ ಸಂತೋಷ ಉಕ್ಕಿ ಬರ್ತಿತ್ತು ಅಂತ ಬೈಬಲ್ ಹೇಳಲ್ಲ. ನೀವೂ ಎದ್ದೇಳಿ, ಸ್ನಾನ ಮಾಡಿ, ಉಣ್ಣಿ, ಭಾನುವಾರ ಕರ್ತನ ಮೇಜಿನಿಂದ (ಪ್ರಭುಭೋಜನದಿಂದ) ದೂರ ಉಳೀಬೇಡಿ. ಮನಸ್ಸು ನಮ್ಮನ್ನ ಖಂಡಿಸಿದ್ರೂ ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು ಅಂತ ಒಂದನೇ ಯೋಹಾನ 3:20, ಅದನ್ನ ಬಾಯಿಪಾಠ ಮಾಡಿ.

ಕೆಲವರಿಗೆ ಇದು ಇನ್ನೊಂದು ರೂಪದಲ್ಲಿ ಬರತ್ತೆ. ಅರಿಕೆ ಮಾಡಿದ ಐದು ನಿಮಿಷಕ್ಕೆ ಸರಿಯಾಗಿ ಮಾಡಿದ್ನೋ ಇಲ್ವೋ ಅನ್ನೋ ಅನುಮಾನ, ಮತ್ತೆ ಅರಿಕೆ, ಮತ್ತೆ ಅನುಮಾನ, ಕೆಟ್ಟ ಯೋಚನೆಗಳು ಬೇಡ ಅಂದ್ರೂ ನುಗ್ಗಿ ಬರೋದು, ಪವಿತ್ರಾತ್ಮನಿಗೆ ವಿರುದ್ಧ ಪಾಪ ಮಾಡ್ಬಿಟ್ನಾ ಅನ್ನೋ ಭಯ. ಲೂಥರ್ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಗುರುಗಳನ್ನ ಸುಸ್ತು ಮಾಡಿದ್ದ. ಆಮೇಲೆ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಟದಲ್ಲಿ ಸಾಯೋ ಯೋಚನೆವರೆಗೂ ಹೋಗಿ, ಕೊನೆಗೆ ಹಳೇ ಪಾಪಗಳನ್ನ ಇನ್ನು ಮತ್ತೆ ಅರಿಕೆ ಮಾಡಲ್ಲ ಅಂತ ನಿರ್ಧರಿಸಿದ್ಮೇಲೇ ಬಿಡುಗಡೆ ಆಗಿದ್ದು. ನಿಮಗೂ ಹೀಗಿದ್ರೆ ಔಷಧಿ ಜಾಸ್ತಿ ಅರಿಕೆ ಅಲ್ಲ, ಕಡಿಮೆ ಅರಿಕೆ: ಒಂದು ಸಲ ಹೇಳಿದ್ದನ್ನ ಮತ್ತೆ ಹೇಳ್ಬೇಡಿ, ಒಬ್ಬರೇ ಗುರುಗಳ ಮಾತು ಕೇಳಿ. ಇದು ಎಷ್ಟೋ ಸಲ ಓಸಿಡಿ ಅನ್ನೋ ಕಾಯಿಲೆ, ಚಿಕಿತ್ಸೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ಕ್ಲಿನಿಕ್ ಇದೆ. ಡಾಕ್ಟರ ಹತ್ರ ಹೋಗೋದು ನಂಬಿಕೆ ಕಮ್ಮಿ ಅಂತಲ್ಲ, ಸುವಾರ್ತೆ ಬರೆದ ಲೂಕನೇ ವೈದ್ಯ. ಸಾಯೋ ಯೋಚನೆ ಬರ್ತಿದ್ರೆ ಈ ಓದೋದನ್ನ ಇಲ್ಲಿಗೆ ನಿಲ್ಲಿಸಿ ಮನೇಲಿ ಯಾರಿಗಾದ್ರೂ ಹೇಳಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ರಾತ್ರಿ ಹಗಲು ಇರತ್ತೆ, ಕನ್ನಡದಲ್ಲೂ ಮಾತಾಡ್ತಾರೆ.

ಹೆಜ್ಜೆ 9: ಮತ್ತೆ ಅದೇ ಪಾಪಕ್ಕೆ ಬಿದ್ರೆ

ಬೀಳ್ತೀವಿ. ಒಂದೇ ದಿನದಲ್ಲಿ ಏಳು ಸಲ ತಪ್ಪು ಮಾಡಿ ಏಳು ಸಲ ತಿರುಗಿ ಬಂದವನನ್ನ ಕ್ಷಮಿಸಿ ಅಂತ ಲೂಕ 17:4ರಲ್ಲಿ ನಮಗೆ ಹೇಳಿದವನು ತಾನು ಅದಕ್ಕಿಂತ ಕಡಿಮೆ ಮಾಡ್ತಾನಾ. ಕಾಲು ತೊಳೆಯುವಾಗ ಪೇತ್ರ ತಲೆ ಕೈ ಎಲ್ಲಾ ತೊಳಿ ಅಂದಾಗ ಯೇಸು ಸ್ನಾನ ಮಾಡಿದವನು ಕಾಲು ತೊಳ್ಕೊಂಡ್ರೆ ಸಾಕು ಅಂದ. ದೀಕ್ಷಾಸ್ನಾನ ಮತ್ತೆ ಬೇಡ, ಮೊದಲಿಂದ ಶುರು ಮಾಡೋದೂ ಬೇಡ, ಅವತ್ತಿನದನ್ನ ಅವತ್ತೇ ಹೆಸರಿಟ್ಟು ಹೇಳಿ ಮುಗಿಸಿ. ಒಂದು ವಾರ ದೇವರಿಗೆ ಮುಖ ತೋರಿಸದೇ ಇದ್ದು ಶಿಕ್ಷೆ ಅನುಭವಿಸಿ ಆಮೇಲೆ ಬರ್ತೀನಿ ಅನ್ನೋದು ಭಕ್ತಿ ತರ ಕಾಣತ್ತೆ, ಶಿಲುಬೆ ಸಾಲ್ದು ಅಂತ ಹೇಳಿದ ಹಾಗೆ ಅದು. ಜೊತೆಗೆ ದಾರಿ ಮುಚ್ಚೋ ಕೆಲಸಾನೂ ಮಾಡಿ. ಬೆಟ್ಟಿಂಗ್ ಆಪ್ ಇದ್ರೆ ಡಿಲೀಟ್ ಮಾಡಿ ಯುಪಿಐ ಕಂಟ್ರೋಲ್ ಹೆಂಡತಿ ಕೈಗೆ ಕೊಡಿ, ರಾತ್ರಿ ಫೋನ್ ಹಾಲಿನಲ್ಲಿ ಚಾರ್ಜಿಗೆ ಹಾಕಿ, ಕುಡಿತ ಆಗಿದ್ರೆ ಆಲ್ಕೊಹಾಲಿಕ್ಸ್ ಅ್ಯನಾನಿಮಸ್ ಮೀಟಿಂಗಿಗೆ ಹೋಗಿ, ಬರೀ ಪ್ರಾರ್ಥನೆ ಮಾಡ್ತೀನಿ ಅಂತ ಅದೇ ಬಾರ್ ಮುಂದೆ ದಿನಾ ಹಾದುಹೋಗ್ಬೇಡಿ.

ಹೆಜ್ಜೆ 10: ಇನ್ನೊಬ್ಬರು ನಿಮ್ಮ ಹತ್ರ ಬಂದಾಗ

51:13ರಲ್ಲಿ ದಾವೀದ ಆಗ ನಾನು ದ್ರೋಹಿಗಳಿಗೆ ನಿನ್ನ ಮಾರ್ಗ ಕಲಿಸ್ತೀನಿ ಅಂತಾನೆ. ಈ ದಾರೀಲಿ ನಡೆದೋರ ಹತ್ರ ಜನ ಬಂದೇ ಬರ್ತಾರೆ. ಬಂದಾಗ ಪೂರ್ತಿ ಕೇಳಿಸ್ಕೊಳ್ಳಿ, ಮುಖ ಸಿಂಡರಿಸ್ಬೇಡಿ, ಅಯ್ಯೋ ಅದೇನ್ ದೊಡ್ಡದು ಬಿಡಿ ಅಂತ ಹಗುರಾನೂ ಮಾಡ್ಬೇಡಿ, ಅವರಿಗೆ ಅದು ದೊಡ್ಡದು. ಕ್ಷಮೆಯ ವಚನ ಒಂದನ್ನ ಅವರ ಹೆಸರು ಹಿಡಿದು ಓದಿ, ಅದು ಬೇರೆಯವರ ಬಾಯಿಂದ ಕೇಳಿದಾಗ ಎಷ್ಟು ಬಲ ಕೊಡತ್ತೆ ಅಂತ ನೋಡಿದೀನಿ. ಯಾರಿಗಾದ್ರೂ ಅಪಾಯ ಇರೋ ವಿಷಯ ಬಿಟ್ರೆ, ಹೇಳಿದ್ದನ್ನ ಗಂಡನಿಗೂ ಹೇಳ್ಬೇಡಿ, ಹೆಂಡತಿಗೂ ಹೇಳ್ಬೇಡಿ, "ಹೆಸರು ಹೇಳಲ್ಲ, ಒಬ್ಬರಿಗೋಸ್ಕರ ಪ್ರಾರ್ಥಿಸಿ" ಅಂತ ಕೂಟದಲ್ಲೂ ಎತ್ಬೇಡಿ, ಎಲ್ಲರಿಗೂ ಯಾರು ಅಂತ ಗೊತ್ತಾಗತ್ತೆ.